ಮೃದಂಗದ ಕರಣೆ ಬರೀ ಅಲಂಕಾರವೇ?

ಮೃದಂಗದ ಬಲಮುಚ್ಚಿಗೆಯ (ಬಲಬದಿಗೆ ಬಿಗಿದ ಚರ್ಮದ) ನಡುವಿರುವ ಕಪ್ಪು ವೃತ್ತ, ಅಂದರೆ ಕರಣೆ, ನೋಟಕ್ಕೋ, ನಾದಕ್ಕೋ ಎಂದು ಕೇಳಿದ್ದೀರಿ. ನಾದಕ್ಕೇ. ಹನ್ನೆರಡು ವರ್ಷಗಳಿಂದ ನುಡಿಸುತ್ತಿದ್ದೇನೆ. ಆ ಕರಣೆಯನ್ನು ಕೆರೆದು ತೆಗೆದರೆ ಮೃದಂಗಕ್ಕೆ ಶ್ರುತಿಯೇ ಉಳಿಯುವುದಿಲ್ಲ.

ತಂಬೂರಿಯ ತಂತಿ ಮೀಟಿದಾಗ ಅದು ಇಡಿಯಾಗಿಯೂ ಕಂಪಿಸುತ್ತದೆ, ಎರಡು, ಮೂರು, ನಾಲ್ಕು ಭಾಗಗಳಾಗಿಯೂ ಕಂಪಿಸುತ್ತದೆ. ಮೂಲ ಕಂಪನ ಸೆಕೆಂಡಿಗೆ 100 ಆದರೆ ಉಳಿದವು 200, 300, 400. ಷಡ್ಜ (ಸ), ತಾರಷಡ್ಜ (ಮೇಲಿನ ಸ), ಅದರಾಚೆಯ ಪಂಚಮ (ಪ), ಹೀಗೆ ಎಲ್ಲವೂ ಹೊಂದಿಕೊಳ್ಳುವುದರಿಂದ ಕಿವಿಗೆ ಒಂದೇ ಸ್ವರ ಕೇಳಿಸುತ್ತದೆ. ಬಿಗಿದ ಬರಿಯ ಚರ್ಮದ ಲೆಕ್ಕ ಬೇರೆ: 100ರ ಮೇಲೆ ಸುಮಾರು 159, 214, 230. ಇವು ಒಂದು ಸ್ವರವಾಗಿ ಕೂಡುವುದಿಲ್ಲ. ತಮಟೆಯ ಕಾವು ಇರುವುದೇ ಆ ತಿಕ್ಕಾಟದಲ್ಲಿ; ಅದನ್ನು ಕೊರತೆ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಗಾಯಕರ ಷಡ್ಜಕ್ಕೆ ಸೇರಬೇಕಾದ ವಾದ್ಯಕ್ಕೆ ಅದು ಒಗ್ಗುವುದಿಲ್ಲ.

ನನ್ನ ಮೃದಂಗಕ್ಕೆ ಕರಣೆ ಹಾಕುವುದನ್ನು ಒಂದಿಡೀ ಮಧ್ಯಾಹ್ನ ಕುಳಿತು ನೋಡಿದ್ದೇನೆ. ಕಬ್ಬಿಣದಂಶವಿರುವ ಕಲ್ಲಿನ ನುಣ್ಣನೆಯ ಪುಡಿಯನ್ನು ಅನ್ನದ ಜೊತೆ ಕಲಸಿ, ಚಿಟಿಕೆಯಷ್ಟೇ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜುತ್ತಾರೆ. ಒಣಗಿದ ಮೇಲೆ ಮತ್ತೊಂದು ಪದರ. ನಡುವೆ ದಪ್ಪ, ಅಂಚಿಗೆ ಬಂದಂತೆ ತೆಳು. ಆಗಾಗ ಬೆರಳಿನಿಂದ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದರು. ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಿದ್ದು ಕಿವಿಯೇ.

ಕರಣೆಯ ಭಾರ ಮಾಡುವ ಕೆಲಸ ಸೊಗಸಾದದ್ದು. ಮೂಲ ಕಂಪನದಲ್ಲಿ ಚರ್ಮದ ನಡುಭಾಗವೇ ಹೆಚ್ಚು ಏರಿಳಿಯುತ್ತದೆ. ಅಲ್ಲಿ ಭಾರ ಬಿದ್ದರೆ ಅದು ಬಹಳ ನಿಧಾನವಾಗುತ್ತದೆ. ಮುಂದಿನ ಕಂಪನದಲ್ಲಿ ನಡುಗೆರೆ ಅಲುಗದೆ ಎರಡು ಪಕ್ಕಗಳು ಏರಿಳಿಯುವುದರಿಂದ ಅದಕ್ಕೆ ಅಷ್ಟು ಪೆಟ್ಟಿಲ್ಲ. ಹೀಗೆ ಇವೆರಡರ ನಡುವೆ 1.59 ಇದ್ದ ಅನುಪಾತ 2ರ ಬಳಿಗೆ ಬರುತ್ತದೆ.

ಇದನ್ನು ಮೊದಲು ವಿಜ್ಞಾನದ ಕಣ್ಣಿನಿಂದ ನೋಡಿದವರು ಸಿ.ವಿ. ರಾಮನ್. 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾಗಿ ಬರೆದರು. ಮುಚ್ಚಿಗೆಯ ಮೇಲೆ ನಯವಾದ ಮರಳು ಉದುರಿಸಿ, ಅದು ಎಲ್ಲಿ ಸಾಲುಗಟ್ಟಿ ನಿಲ್ಲುತ್ತದೆಂದು ಗಮನಿಸಿ, ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಬಂದು ಸೇರುತ್ತವೆಂದು ತೋರಿಸಿದರು.

ಮೃದಂಗ ಕೈಗೆ ಸಿಕ್ಕರೆ ಉಂಗುರದ ಬೆರಳನ್ನು ಕರಣೆಯ ಅಂಚಿನಲ್ಲಿ ಹಗುರವಾಗಿ ಊರಿ, ತೋರುಬೆರಳಿನಿಂದ ಮುಚ್ಚಿಗೆಯ ಅಂಚಿಗೆ 'ನಂ' ಎಂದು ಹೊಡೆಯಿರಿ. ಊರಿದ ಬೆರಳು ಮೂಲ ಕಂಪನವನ್ನು ಅಡಗಿಸುತ್ತದೆ, ಅದರ ಮೇಲಿನದು ಗಂಟೆಯಂತೆ ಮೊಳಗುತ್ತದೆ. ತಂಬೂರಿಗೆ ನಾವು ಶ್ರುತಿ ಸೇರಿಸುವುದು ಆ ನಾದವನ್ನೇ ಕೇಳಿ.