ಡೆಲ್ಫ್ಟ್‌ಗೆ ಪಾಠ ಮಾಡಲು ಹೊರಟ ತಂಗಿಗೆ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೀತೀನಿ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದ್ದಕ್ಕೆ ತುಂಬಾ ಸಂತೋಷ. ‘ನನ್ನ ಇಂಗ್ಲಿಷ್ ಉಚ್ಚಾರ ಅವರಿಗೆ ಅರ್ಥವಾಗುತ್ತಾ? ಡಚ್ ಕಲಿಯಲೇಬೇಕಾ?’ ಅಂತ ಕೇಳಿದ್ದೀಯಲ್ಲ, ಇದೇ ದೇಶದ ಐಂಡ್‌ಹೋವನ್ ಊರಿನಲ್ಲಿ ಪಾಠ ಮಾಡಿ ಕಂಡದ್ದನ್ನು ಹೇಳ್ತೀನಿ.

ಉಚ್ಚಾರದ ಚಿಂತೆ ಬಿಡು. ಡಚ್ಚರ ಜೊತೆ ಇಟಲಿ, ಗ್ರೀಸ್, ಚೀನಾದವರೂ ಕೂತಿರ್ತಾರೆ. ಹೆಚ್ಚಿನವರಿಗೆ ಇಂಗ್ಲಿಷ್ ಮನೆಮಾತಲ್ಲ. ನಿನ್ನ ದನಿಗೆ ಅವರ ಕಿವಿ ಬೇಗ ಒಗ್ಗುತ್ತೆ. ತೊಂದರೆ ಇರೋದು ವೇಗದಲ್ಲಿ. ಡಚ್ ಹುಡುಗರು ಕಾರಿಡಾರಿನಲ್ಲಿ ಸಲೀಸಾಗಿ ಇಂಗ್ಲಿಷ್ ಮಾತಾಡೋದು ನೋಡಿ ಪಾಠವೂ ಹಾಗೇ ಇಳಿಯುತ್ತೆ ಅಂದುಕೊಳ್ಳಬೇಡ. ಹರಟೆಗೆ ಸಾಲುವ ಭಾಷೆ ಹೊಸ ಪರಿಕಲ್ಪನೆಗೆ ಸಾಲಲ್ಲ.

ನಮ್ಮ ಪಿಯು ಕಾಲೇಜುಗಳಲ್ಲಿ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಸೈನ್ಸ್ ತಗೊಂಡವರಿಗೆ ಲೆಕ್ಚರರ್ ನೋಟ್ಸನ್ನು ಇಂಗ್ಲಿಷಿನಲ್ಲಿ ಬರೆಸಿ, ಕನ್ನಡದಲ್ಲಿ ಬಿಡಿಸಿ ಹೇಳ್ತಿದ್ದರು. ಡಚ್ ಬಾರದ ನಮಗೆ ಆ ದಾರಿ ಇಲ್ಲ. ಅದಕ್ಕೇ ನಾನು ಹೊಸ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು, ‘ಪಕ್ಕದವರ ಜೊತೆ ನಿಮಗೆ ಬರುವ ಭಾಷೇಲಿ ಮಾತಾಡಿಕೊಳ್ಳಿ’ ಅಂತ ಬಿಡ್ತೀನಿ. ಒಳ್ಳೊಳ್ಳೆ ಪ್ರಶ್ನೆಗಳು ಬರೋದು ಆಮೇಲೆಯೇ. ಆದರೆ ಗುಂಪಿನ ಪ್ರಾಜೆಕ್ಟ್‌ನಲ್ಲಿ ಇಂಗ್ಲಿಷೇ ಇರಲಿ. ನಾಲ್ವರು ಡಚ್ಚರ ನಡುವೆ ಒಬ್ಬಳೇ ಗ್ರೀಕ್ ಹುಡುಗಿ ಇದ್ದರೆ ಅವಳು ಮೂಲೆಗುಂಪಾಗ್ತಾಳೆ.

ಅಂಕಿ ಬರೆಯುವಾಗ ಮಾತ್ರ ಬಹಳ ಎಚ್ಚರ. ಬೋರ್ಡಿನ ಮೇಲೆ 1.250 ಮೀಟರ್ ಅಂತ ಬರೆದರೆ ನಮಗದು ಒಂದೂಕಾಲು ಮೀಟರ್. ಡಚ್ ಶಾಲೇಲಿ ಕಲಿತವರಿಗೆ ಸಾವಿರದ ಇನ್ನೂರೈವತ್ತು. ಅವರು ದಶಮಾಂಶಕ್ಕೆ ಅಲ್ಪವಿರಾಮ ಹಾಕ್ತಾರೆ, ಸಾವಿರಕ್ಕೆ ಚುಕ್ಕಿ. ಯಾವ ಪದ್ಧತಿ ಬಳಸ್ತೀಯ ಅಂತ ಮೊದಲ ದಿನವೇ ಹೇಳು, ಪ್ರಶ್ನೆಪತ್ರಿಕೆಯಲ್ಲೂ ಹಾಕು. ಪ್ರಶ್ನೆಗಳ ವಾಕ್ಯ ಚಿಕ್ಕದಿರಲಿ. ಉತ್ತರ ತಿದ್ದುವಾಗ ಮೊದಲು ಚಿತ್ರ, ಸಮೀಕರಣ ನೋಡು. ಇಂಗ್ಲಿಷ್ ಮುಗ್ಗರಿಸಿದರೂ ಲೆಕ್ಕ ಸರಿ ಇರುತ್ತೆ. ಅಂಕ ಹತ್ತಕ್ಕೆ, ಸಾಮಾನ್ಯವಾಗಿ 5.5 ಬಂದರೆ ಪಾಸು. ಎಂಟು ಕೊಟ್ಟರೆ ಖುಷಿಯಾಗಿ ಹೋಗ್ತಾರೆ.

ಡಚ್ ಅಂತೂ ಕಲಿಯಲೇಬೇಕು. ಯುರೋಪಿನ ದೇಶಗಳ ಪದವಿ ಪದ್ಧತಿಗಳನ್ನು ಹೊಂದಿಸುವ 1999ರ ಬೊಲೋನ್ಯಾ ಒಪ್ಪಂದದ ನಂತರ 2002ರಲ್ಲಿ ಇಲ್ಲಿ ಬ್ಯಾಚುಲರ್-ಮಾಸ್ಟರ್ ಪದ್ಧತಿ ಬಂತು; ತಾಂತ್ರಿಕ ವಿಶ್ವವಿದ್ಯಾಲಯಗಳ ಮಾಸ್ಟರ್ಸ್ ಬಹುತೇಕ ಇಂಗ್ಲಿಷಿಗೆ ಹೋಯಿತು. ಕಾನೂನಿನ ಪ್ರಕಾರ ಬೋಧನೆಯ ಮೂಲ ಭಾಷೆ ಇವತ್ತಿಗೂ ಡಚ್, ಇಂಗ್ಲಿಷಿಗೆ ವಿನಾಯಿತಿ ಅಷ್ಟೆ. ಪದವಿ ತರಗತಿಗಳಲ್ಲಿ ಡಚ್ ಹೆಚ್ಚಿಸಬೇಕೆಂಬ ಒತ್ತಡ ಈಚೆಗೆ ಜೋರಾಗಿದೆ. ಕೆಲವರು ಇದನ್ನು ಹೊರಗಿನವರ ಮೇಲಿನ ಸಿಟ್ಟು ಅಂತಾರೆ. ನನಗೆ ಅಷ್ಟೇ ಅನ್ನಿಸಲ್ಲ. ವಿಶ್ವವಿದ್ಯಾಲಯ ಲ್ಯಾಟಿನ್‌ನಲ್ಲಿ ನಡೀತಿದ್ದ ಕಾಲದಲ್ಲೇ, 1600ರಲ್ಲಿ, ಗಣಿತಜ್ಞ ಸಿಮೋನ್ ಸ್ಟೆವಿನ್ ರೂಪಿಸಿದ ಪಠ್ಯಕ್ರಮದಲ್ಲಿ ಲೈಡನ್ ಊರಿನಲ್ಲಿ ಡಚ್ ಮಾಧ್ಯಮದ ಎಂಜಿನಿಯರಿಂಗ್ ಶಾಲೆ ಶುರು ಮಾಡಿದವರು ಈ ಡಚ್ಚರು. ತಮ್ಮ ಭಾಷೇಲಿ ವಿಜ್ಞಾನ ಉಳೀಬೇಕು ಅನ್ನೋ ಅವರ ಆಸೆ ಕನ್ನಡದವರಾದ ನಮಗೆ ಅರ್ಥವಾಗದೇ ಇರುತ್ತಾ?

ಸಹಿ ಹಾಕುವ ಮೊದಲು ಎರಡು ವಿಷಯ ಕೇಳು: ಡಚ್ ಕಲಿಯೋಕೆ ವಿಭಾಗ ಖರ್ಚು ಕೊಡುತ್ತಾ, ಆ ಗಂಟೆಗಳನ್ನು ಕೆಲಸದ ಅವಧಿಯಲ್ಲೇ ಸೇರಿಸುತ್ತಾ. ಬಾಯಿಮಾತಿಗೆ ಬಿಡಬೇಡ, ಇಮೇಲ್‌ನಲ್ಲಿ ಬರೆಸಿಕೋ.