ಎರಡು ಸಲ ಡಿಸ್ಟಿಲ್ ಮಾಡಿದರೂ ಎಥನಾಲ್‌ನಲ್ಲಿ ನೀರು ಉಳಿದಿದೆ, ಏನು ಮಾಡಲಿ?

ರೆಕ್ಟಿಫೈಡ್ ಸ್ಪಿರಿಟ್ಟನ್ನು (ಸ್ವಲ್ಪ ನೀರು ಬೆರೆತ ಎಥನಾಲ್) ಎರಡು ಸಲ ಡಿಸ್ಟಿಲ್ ಮಾಡಿದ್ದೀರಿ, ಆದರೂ ನೀರು ಹೋಗಿಲ್ಲ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಲೇ ಎಂದು ಕೇಳಿದ್ದೀರಿ. ಬೇಡ. ಅದು ನೀರನ್ನು ಹಿಡಿದ ಹಾಗೆ ಎಥನಾಲನ್ನೂ ಹಿಡಿದುಕೊಳ್ಳುತ್ತದೆ.

ಮೂರನೇ ಸಲ ಡಿಸ್ಟಿಲ್ ಮಾಡಿದರೂ ಅಷ್ಟೇ. ತೂಕದಲ್ಲಿ 95.6 ಭಾಗ ಎಥನಾಲ್, 4.4 ಭಾಗ ನೀರು ಆದಾಗ ಎರಡೂ ಜೊತೆಯಾಗಿ 78.2 ಡಿಗ್ರಿಯಲ್ಲಿ ಕುದಿಯುತ್ತವೆ. ಆವಿಯಲ್ಲೂ ಅದೇ ಪ್ರಮಾಣ, ಫ್ಲಾಸ್ಕಿನಲ್ಲೂ ಅದೇ ಪ್ರಮಾಣ. ಮತ್ತೆ ಬೇರೆಯಾಗುವುದು ಹೇಗೆ?

ನಮ್ಮ ಕಾಸರಗೋಡಿನಲ್ಲಿ ಅಡಿಕೆ ತೋಟ ಇದ್ದವರಿಗೆಲ್ಲ ಸುಣ್ಣ, ಮೈಲುತುತ್ತು ಗೊತ್ತು. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಸುಟ್ಟ ಸುಣ್ಣಕ್ಕೆ ನೀರು ಹೊಯ್ದರೆ ಅದು ಕೊತಕೊತ ಕುದಿದು ಹುಡಿಯಾಗುತ್ತದೆ, ಅಲ್ವಾ? ಆ ನೀರಡಿಕೆಯೇ ಇಲ್ಲೂ ಕೆಲಸಕ್ಕೆ ಬರುವುದು. ಒಂದು ಲೀಟರ್ ಸ್ಪಿರಿಟ್ಟಿಗೆ ಆಗಷ್ಟೇ ಚೆನ್ನಾಗಿ ಕಾಯಿಸಿದ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಅದೇ ಸುಟ್ಟ ಸುಣ್ಣ, 250 ಗ್ರಾಂ ಹಾಕಿ, ಆರು ಗಂಟೆ ರಿಫ್ಲಕ್ಸ್ ಮಾಡಿ (ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಬೀಳುವ ಹಾಗೆ ಕುದಿಸಿ), ರಾತ್ರಿ ಹಾಗೇ ಬಿಟ್ಟು, ಮರುದಿನ ಡಿಸ್ಟಿಲ್ ಮಾಡಿ. ಸುಮಾರು 99.5 ಶೇಕಡಾ ಸಿಗುತ್ತದೆ. ತೋಟದ ಗೋಣಿಯಲ್ಲಿ ಉಳಿದ ಸುಣ್ಣ ತರಬೇಡಿ, ಅದು ಗಾಳಿಯ ಪಸೆ ಕುಡಿದು ಆಗಲೇ ಅರಳಿರುತ್ತದೆ. ಬಿಸಿ ಮಾಡಲು ಹೀಟಿಂಗ್ ಮ್ಯಾಂಟಲ್ ಇರಲಿ, ಬರ್ನರ್ ಹತ್ತಿರ ಬೇಡವೇ ಬೇಡ.

ನನ್ನನ್ನು ಕೇಳಿದರೆ 3ಎ ಮಾಲಿಕ್ಯುಲರ್ ಸೀವ್ ಇನ್ನೂ ಸುಲಭ. ಸಣ್ಣ ಗುಂಡುಗಳು. ಅವುಗಳ ತೂತಿನೊಳಗೆ ನೀರು ನುಗ್ಗುತ್ತದೆ, ಎಥನಾಲ್ ದೊಡ್ಡದು, ಹೊರಗೇ ಉಳಿಯುತ್ತದೆ. ಲೀಟರಿಗೆ 200 ಗ್ರಾಂ ಹಾಕಿ, ಮುಚ್ಚಳ ಬಿಗಿ ಮಾಡಿ, ಐದು ದಿನ ಮುಟ್ಟಬೇಡಿ.

ಆದರೆ ಸೀವ್ ಒಣಗಿರಬೇಕು. ಎಂ.ಎಸ್ಸಿ.ಯಲ್ಲಿದ್ದಾಗ ನಾನು ಎಡವಿದ್ದು ಇಲ್ಲೇ. ಜುಲೈ ತಿಂಗಳು, ಗೋಡೆಯಲ್ಲೂ ನೀರು ಒಸರುವ ಮಳೆ. ನೂರು ಡಿಗ್ರಿ ದಾಟಿದರೆ ನೀರು ಹೋಗುತ್ತದಲ್ಲ ಎಂದು ಹಳೇ ಬಾಟಲಿಯ ಸೀವನ್ನು 110 ಡಿಗ್ರಿ ಓವನ್‌ನಲ್ಲಿಟ್ಟು ಬಳಸಿದೆ. ಆ ಎಥನಾಲ್‌ಗೆ ಸೋಡಿಯಂ ಹಾಕಿ ಎಥಾಕ್ಸೈಡ್ ಮಾಡಿದ್ದೇನೆ ಎಂದು ನಾನು ಅಂದುಕೊಂಡೆ. ಆದರೆ ಉಳಿದಿದ್ದ ನೀರು ಸೋಡಿಯಂ ಜೊತೆ ಸೇರಿ ಅದರಲ್ಲಿ ಕಾಸ್ಟಿಕ್ ಸೋಡಾವೂ ಆಗಿತ್ತು. ಆ ಸೋಡಾ ತಗುಲಿ ನನ್ನ ಎಸ್ಟರ್ ಎಲ್ಲ ಒಡೆದು ಸಾಬೂನಿನ ದಾರಿ ಹಿಡಿಯಿತು, ಮೂರು ವಾರದ ಕೆಲಸ ಸಿಂಕಿಗೆ. ಸೀವ್‌ಗೆ 300 ಡಿಗ್ರಿ ಬೇಕು, ಮಫಲ್ ಫರ್ನೇಸ್‌ನಲ್ಲಿ ಕೆಲವು ಗಂಟೆ. ಆಮೇಲೆ ಡೆಸಿಕೇಟರ್‌ನಲ್ಲೇ (ಪಸೆ ತಾಗದ ಹಾಗೆ ಮುಚ್ಚಿಡುವ ಪಾತ್ರೆ) ತಣಿಯಲಿ. ಪರೀಕ್ಷೆ ಸುಲಭ: ಗ್ಲೌಸ್ ಹಾಕಿದ ಅಂಗೈಯಲ್ಲಿ ತಣಿದ ನಾಲ್ಕು ಗುಂಡು ಇಟ್ಟು ಎರಡು ಹನಿ ನೀರು ಬಿಡಿ. ಬಿಸಿ ತಗುಲಿದರೆ ಸೀವ್ ಸರಿಯಿದೆ.

ಎಥನಾಲ್ ಒಣಗಿತೇ ಎಂದು ನೋಡಲು ಮೈಲುತುತ್ತನ್ನು ಬಿಳಿಯಾಗುವವರೆಗೆ ಹುರಿದು ಒಂದು ಚಿಟಿಕೆ ಹಾಕಿ. ನೀಲಿಯಾದರೆ ನೀರಿದೆ. ಆಗದಿದ್ದರೆ ಪೂರ್ತಿ ಒಣಗಿದೆ ಎಂದೂ ಅಲ್ಲ. ತೀರಾ ಕಡಿಮೆ ನೀರು ಇದಕ್ಕೆ ತಿಳಿಯುವುದಿಲ್ಲ, ಅದಕ್ಕೆ ಚೂರು ನೀರನ್ನೂ ಅಳೆಯುವ ಕಾರ್ಲ್ ಫಿಷರ್ ಟೈಟ್ರೇಶನ್ನೇ ಆಗಬೇಕು.

ಅಂದ ಹಾಗೆ, ಯಾವ ಪ್ರಯೋಗಕ್ಕೆಂದು ನೀವು ಬರೆದಿಲ್ಲ. ಸುಮ್ನೆ ರೀಕ್ರಿಸ್ಟಲೈಸೇಶನ್‌ಗೆ (ಕರಗಿಸಿ ಮತ್ತೆ ಹರಳು ಮಾಡಿ ಶುದ್ಧ ಮಾಡುವುದಕ್ಕೆ) ಆದರೆ ಈ ಒದ್ದಾಟ ಯಾಕೆ, ಹೆಚ್ಚಿನವಕ್ಕೆ ಈಗಿರುವುದೇ ಸಾಕು.