ರೆಕ್ಕೆ ಬೇಡ, ಬಂಗುಡೆ ತನ್ನಿ

ವಸಾಯಿಯಿಂದ ಓದುಗರೊಬ್ಬರ ಪತ್ರ: "ಸೆಪ್ಟೆಂಬರ್ 29ಕ್ಕೆ ಮಿಕಾಯೇಲ್, ಗಬ್ರಿಯೇಲ್, ರಫಾಯೇಲ್ ದೇವದೂತರ ಹಬ್ಬ. ಏಳು ವರ್ಷದ ಮಗಳಿಗೆ ಬಿಳಿ ರೆಕ್ಕೆ, ಏಂಜಲ್ ಕೇಕ್, ಬಲೂನು ಎಲ್ಲಾ ತರಿಸ್ಬೇಕು ಅಂತಿದ್ದೀನಿ. ಅತ್ತೆ ಮಾತ್ರ ತೆರ್ಸ್ (ಜಪಮಾಲೆ ಪ್ರಾರ್ಥನೆ) ಹೇಳಿದ್ರೆ ಸಾಕು ಅಂತಾರೆ. ಯಾರದ್ದು ಸರಿ?"

ಇಬ್ಬರದ್ದೂ ಸರಿ ಅಂತ ಬರೆದು ಮುಗಿಸ್ಬಹುದಿತ್ತು ತಾಯಿ, ಆದ್ರೆ ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಕೇಕ್ ಮಾಡಿ, ಸಿಹಿ ಇಲ್ದೆ ಮಕ್ಕಳಿಗೆ ಎಂಥ ಹಬ್ಬ? ಅಲ್ಲಿಗೆ ನಿಮ್ಮ ಕಡೆ ವಾದ ಮುಗೀತು. ಆ ರೆಕ್ಕೆ ಮಾತ್ರ ಬೇಡಪ್ಪಾ.

ಯಾಕೆ ಅಂದ್ರೆ ರಫಾಯೇಲನ ಕಥೆಯಲ್ಲಿ ರೆಕ್ಕೆನೇ ಇಲ್ಲ. ತೋಬಿತನ ಗ್ರಂಥ ತೆಗೆದು ನೋಡಿ (ಕ್ಯಾಥೊಲಿಕ್ ಬೈಬಲೇ ಆಗ್ಬೇಕು, ಪ್ರಾಟೆಸ್ಟೆಂಟರದ್ರಲ್ಲಿ ಇರಲ್ಲ). ತೋಬಿತ ಸೆಕೆಗೆ ಅಂಗಳದಲ್ಲಿ ಮಲಗಿದ್ದಾಗ ಗುಬ್ಬಿ ಹಿಕ್ಕೆ ಕಣ್ಣಿಗೆ ಬಿದ್ದು ಕುರುಡಾಗ್ತಾನೆ. ಕಿಟಕಿ ತುಂಬಾ ಪಾರಿವಾಳ ಕಾಟ ಇರೋ ಮುಂಬೈ ಮಕ್ಕಳಿಗೆ ಇದನ್ನ ಹೇಳಿ ನೋಡಿ, ಬಿದ್ದು ಬಿದ್ದು ನಗ್ತಾರೆ. ಮಗ ದೂರದೂರಿಗೆ ಹೊರಡ್ತಾನೆ, ಜೊತೆಗೆ ದಿನಕ್ಕೊಂದು ದ್ರಾಕ್ಮಾ ನಾಣ್ಯದ ಕೂಲಿಗೆ ಒಬ್ಬ ಆಳು, ಆ ಆಳೇ ರಫಾಯೇಲ್! ಹಿಂದೆ ಒಂದು ನಾಯಿ. ಟೈಗ್ರಿಸ್ ಹೊಳೇಲಿ ಕಾಲು ತೊಳೆಯೋಕೆ ಇಳಿದ ಹುಡುಗನ ಪಾದಕ್ಕೇ ಒಂದು ದೊಡ್ಡ ಮೀನು ಬಾಯಿ ಹಾಕುತ್ತೆ, ಹಿಡಿ ಬಿಡಬೇಡ ಅಂತಾನೆ ರಫಾಯೇಲ್, ಹಿಡಿದು ಸೀಳಿ ಪಿತ್ತ ಎತ್ತಿಟ್ಕೊಂಡು, ಸ್ವಲ್ಪ ಸುಟ್ಟು ತಿಂದು, ಉಳಿದದ್ದಕ್ಕೆ ಉಪ್ಪು ಹಾಕಿ ಇಟ್ಕೊಳ್ತಾರೆ. ನಮ್ಮ ಕರಾವಳಿಯವ್ರ ಕಥೆ ಅಲ್ವಾ ಇದು!

ಹೋದ ವರ್ಷ ಪಕ್ಕದ ಮನೆ ಹುಡುಗಿ ನಮ್ಮ ಅಡುಗೆಮನೆಗೆ ಬಂದಾಗ ನಾನು ಬಂಗುಡೆ ಕ್ಲೀನ್ ಮಾಡ್ತಿದ್ದೆ. ಹೊಟ್ಟೆ ಸೀಳಿ ಆ ಹಸಿರು ಪಿತ್ತದ ಚೀಲ ತೋರಿಸಿ, ಇದು ಒಡೆದ್ರೆ ಮೀನೆಲ್ಲಾ ಕಹಿ, ಆದ್ರೆ ಇಂಥದ್ದನ್ನೇ ಹಚ್ಚಿ ತೋಬಿತನ ಕಣ್ಣಿನ ಬಿಳಿ ಪೊರೆ ಸುಲಿದ್ರು ಅಂದೆ. ಹುಡುಗಿ ಉಸಿರು ಬಿಗಿ ಹಿಡಿದು ನೋಡಿದ್ಲು. ಯಾವ ಬಲೂನಿಗೆ ಹಾಗೆ ನೋಡ್ತಾರೆ ಹೇಳಿ?

ಈಗೆಲ್ಲಾ ಹಬ್ಬವನ್ನೇ ಕಾಂಟ್ರಾಕ್ಟ್ ಕೊಡೋ ಕಾಲ. ಫಸ್ಟ್ ಕಮ್ಯುನಿಯನ್‌ಗೆ (ಮಕ್ಕಳು ಮೊದಲ ಸಲ ಪರಮಪ್ರಸಾದ ತಗೊಳ್ಳೋ ದಿನ) ಹಾಲ್, ಡಿಜೆ, ಸೆಲ್ಫಿ ಸ್ಟ್ಯಾಂಡು. ಗಣಪತಿಗೂ ಅಷ್ಟೇ, ಮೋದಕ ಬಾಕ್ಸಲ್ಲಿ ಬರುತ್ತೆ. ದುಡ್ಡಿನ ಸಂಕಟ ಅಲ್ಲ ನನ್ನದು, ಮನೆಯಲ್ಲಿ ಕೊಂಕಣಿಯೋ ಕನ್ನಡವೋ ಒಂದು ಕಥೆ ಹೇಳೋಕೆ ಯಾರಿಗೂ ಪುರುಸೊತ್ತಿಲ್ಲ, ಆಮೇಲೆ ಮಕ್ಕಳಿಗೆ ಭಾಷೆ ಬರಲ್ಲ ಅಂತ ನನಗೇ ಪತ್ರ! ಮಾಹಿಮ್‌ನ ಸಂತ ಮಿಕಾಯೇಲರ ಚರ್ಚಿಗೆ ಬುಧವಾರ ನೊವೆನಾ ಪ್ರಾರ್ಥನೆಗೆ ಹೋಗ್ತೀವಿ, ಮೇಣದ ಕೈ, ಕಾಲು, ಮನೆ ಅರ್ಪಿಸ್ತೀವಿ, ಆ ಮಿಕಾಯೇಲ್ ಯಾರು ಅಂತ ಮಗು ಕೇಳಿದ್ರೆ ಮೊಬೈಲ್ ಕೊಡ್ತೀವಿ.

29ಕ್ಕೆ ಸ್ಕೂಲು, ಪರೀಕ್ಷೆ ಇದ್ರೆ ತಲೆ ಕೆಡಿಸ್ಕೋಬೇಡಿ. 1969ರಲ್ಲಿ ಚರ್ಚಿನ ಹಬ್ಬಗಳ ಕ್ಯಾಲೆಂಡರ್ ಬದಲಾಗೋ ತನಕ ಆ ದಿನ ಮಿಕಾಯೇಲನಿಗೆ ಮಾತ್ರ ಇತ್ತು, ಗಬ್ರಿಯೇಲನಿಗೆ ಮಾರ್ಚ್ 24, ರಫಾಯೇಲನಿಗೆ ಅಕ್ಟೋಬರ್ 24. ದಿನ ಹಿಂದೆ ಮುಂದೆ ಆದ್ರೆ ದೇವದೂತರು ಮುನಿಸ್ಕೊಳ್ಳಲ್ಲ. ಅಕ್ಟೋಬರ್ 2 ಕಾವಲು ದೂತರ ಹಬ್ಬ, ಗಾಂಧಿ ಜಯಂತಿ ರಜೆ ಬೇರೆ. ಅವತ್ತು ಅತ್ತೆ ತೆರ್ಸ್ ಹೇಳಿಸ್ಲಿ, ಮೀನೂ ಅವ್ರೇ ಕೊಯ್ಯಲಿ, ಕಥೆ ನೀವು ಹೇಳಿ. ನಾಯಿ ಎಲ್ಲಿ ಹೋಯ್ತು ಅಂತ ಮಗಳು ಕೇಳೇ ಕೇಳ್ತಾಳೆ. ವಾಪಸ್ ಬಂತು ಅನ್ನಿ, 11ನೇ ಅಧ್ಯಾಯದಲ್ಲಿದೆ.